ಡೇಟಾಬೇಸ್ ಬದಲಾಯಿಸುವಾಗ ದಿನಾಂಕ ಮತ್ತು ಸಮಯ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹೆಸರು, ವಿಳಾಸ, ಮೊತ್ತ ಇವುಗಳಲ್ಲಿ ಎಡವಟ್ಟಾದರೆ ಬೇಗ ಕಣ್ಣಿಗೆ ಬೀಳುತ್ತದೆ. ದಿನಾಂಕ ಹಾಗಲ್ಲ. ತಪ್ಪಾದ ದಿನಾಂಕ ಕೂಡ ನೋಡಲು ಸರಿಯಾದ ದಿನಾಂಕದ ಹಾಗೇ ಇರುತ್ತದೆ. ಎರರ್ ಬರುವುದಿಲ್ಲ, ಸಾಲುಗಳ ಎಣಿಕೆ ತಾಳೆಯಾಗುತ್ತದೆ, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಮೂರು ತಿಂಗಳಾದ ಮೇಲೆ ಯಾರೋ ಫೋನ್ ಮಾಡುತ್ತಾರೆ. ಆ ಫೋನ್ ಬರಬಾರದು ಎಂದು ಈ ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಟ್ಟು ಮಾಡಿದ್ದೇನೆ.

ದಿನಾಂಕ ಅಂದರೆ ದಿನಾಂಕ ತಾನೇ? ಇದರಲ್ಲಿ ಅಷ್ಟು ಯೋಚನೆ ಮಾಡುವುದು ಏನಿದೆ?

ದಿನಾಂಕದ ಕಾಲಂ ಮೂರು ಬೇರೆ ಬೇರೆ ವಿಷಯಗಳಲ್ಲಿ ಯಾವುದನ್ನಾದರೂ ಹೇಳುತ್ತಿರಬಹುದು. ಒಂದು, ಜಗತ್ತಿಗೆಲ್ಲ ಒಂದೇ ಆಗಿರುವ ಕ್ಷಣ: ಹಣ ಜಮಾ ಆದ ಹೊತ್ತು, ಲಾಗಿನ್ ಆದ ಹೊತ್ತು. ಎರಡು, ಬರೀ ಕ್ಯಾಲೆಂಡರಿನ ಒಂದು ದಿನ: ಹುಟ್ಟಿದ ದಿನ, ರಜೆಯ ದಿನ. ಮೂರು, ಗೋಡೆ ಗಡಿಯಾರ ತೋರಿಸುವ ಸಮಯ: ಅಂಗಡಿ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ ಅನ್ನುವಂಥದ್ದು. ಕಾಲಂ ಈ ಮೂರರಲ್ಲಿ ಯಾವುದು ಎಂದು ತೀರ್ಮಾನ ಮಾಡದೆ ಯಾವ ಟೈಪ್‌ನಿಂದ (ಕಾಲಂನಲ್ಲಿ ಎಂಥ ಡೇಟಾ ಇಡಬಹುದು ಎಂಬ ಬಗೆ) ಯಾವ ಟೈಪ್‌ಗೆ ಎಂದು ಪಟ್ಟಿ ಬರೆಯಲು ಕೂರಬೇಡಿ. ಟೈಪ್‌ನ ಹೆಸರು ಈ ವಿಷಯ ಹೇಳುವುದಿಲ್ಲ. ಆ ಕಾಲಂ ಬಳಸುವ ಕೋಡ್ ಮತ್ತು ಜನ ಮಾತ್ರ ಹೇಳಬಲ್ಲರು.

ನಾನಿದ್ದ ಒಂದು ತಂಡದಲ್ಲೇ ಇದು ಆಯಿತು. ಹಳೆಯ ಟೇಬಲ್‌ನಲ್ಲಿ ಹುಟ್ಟಿದ ದಿನ 1988-06-15 00:00:00 ಎಂದಿತ್ತು. ಜೊತೆಗೆ ಸಮಯವೂ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕ್ಷಣ ಎಂದು ತಿಳಿದೆವು. ಸರ್ವರ್ ಇದ್ದದ್ದು ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಅಳತೆ ಸಮಯ) ಐದೂವರೆ ಗಂಟೆ ಮುಂದಿನ ಸಮಯದಲ್ಲಿ. ಯುಟಿಸಿಗೆ ಬದಲಾಯಿಸಿದಾಗ ಅದು 1988-06-14 18:30 ಆಯಿತು. ಮುಂದಿನ ಹಂತದಲ್ಲಿ ಸಮಯದ ಭಾಗ ಬೇಡ ಎಂದು ಕತ್ತರಿಸಿದೆವು. ಉಳಿದದ್ದು ಜೂನ್ 14. ಆ ಟೇಬಲ್‌ನಲ್ಲಿದ್ದ ಪ್ರತಿಯೊಬ್ಬರೂ ಒಂದು ದಿನ ಮೊದಲೇ ಹುಟ್ಟಿದ್ದರು. ಪ್ರತಿ ಹಂತವನ್ನೂ ಬಿಡಿಬಿಡಿಯಾಗಿ ನೋಡಿದರೆ ತಪ್ಪೇನೂ ಕಾಣಿಸುತ್ತಿರಲಿಲ್ಲ. ತಪ್ಪಿದ್ದದ್ದು ಶುರುವಿನ ಪ್ರಶ್ನೆಯಲ್ಲಿ.

ಎರಡೂ ಕಡೆ ‘ಡೇಟ್’ ಎಂಬ ಟೈಪೇ ಇದೆ. ಹಾಗೇ ನಕಲು ಮಾಡಬಹುದಾ?

ಹಳೆಯ ಡೇಟಾಬೇಸ್ ತಂತ್ರಾಂಶ ಒರಾಕಲ್ ಆಗಿದ್ದರೆ ಬೇಡ. ಒರಾಕಲ್‌ನ ಡೇಟ್‌ನಲ್ಲಿ ಗಂಟೆ, ನಿಮಿಷ, ಸೆಕೆಂಡ್ ಯಾವಾಗಲೂ ಇರುತ್ತವೆ. ಪರದೆಯಲ್ಲಿ ಕಾಣದೇ ಇರಬಹುದು, ಒಳಗೆ ಇರುತ್ತವೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಎಂಬ ಬೇರೆ ಡೇಟಾಬೇಸ್‌ಗಳ ಡೇಟ್‌ನಲ್ಲಿ ಬರೀ ದಿನ. ಹೆಸರು ನೋಡಿ ಹೊಂದಿಸಿದರೆ ಸಮಯದ ಭಾಗ ಸುಮ್ನೆ ಉದುರಿಹೋಗುತ್ತದೆ.

ಎಲ್ಲವನ್ನೂ ಟೈಮ್‌ಸ್ಟ್ಯಾಂಪ್ (ದಿನ, ಸಮಯ ಎರಡೂ ಇರುವ ಟೈಪ್) ಮಾಡಿಬಿಟ್ಟರೆ ಡೇಟಾ ಕಳೆಯುವುದಿಲ್ಲ, ಸರಿ. ಆದರೆ ನಿಜವಾಗಿ ಬರೀ ದಿನವಾಗಿರುವ ಕಾಲಂ ಟೈಮ್‌ಸ್ಟ್ಯಾಂಪ್ ಆಗಿ ಕೂತರೆ, ಮುಂದೆ ಯಾವುದೋ ಲೈಬ್ರರಿ ಅದಕ್ಕೆ ಟೈಮ್ ಝೋನ್ ಲೆಕ್ಕ ಹಾಕುತ್ತದೆ. ಮತ್ತೆ ಮೇಲಿನ ಜೂನ್ 14ರ ಕಥೆಯೇ. ಅದಕ್ಕೇ ಪ್ರತಿ ಕಾಲಂನಲ್ಲಿ ಮಧ್ಯರಾತ್ರಿ ಅಲ್ಲದ ಸಮಯ ಇರುವ ಸಾಲು ಎಷ್ಟು ಎಂದು ಎಣಿಸಿ. ಒರಾಕಲ್‌ನಲ್ಲಿ ಕಾಲಂನ ಬೆಲೆಯೂ ಅದರ ಟ್ರಂಕ್ (ಸಮಯದ ಭಾಗ ಕತ್ತರಿಸಿದ) ಬೆಲೆಯೂ ಬೇರೆ ಇರುವ ಸಾಲುಗಳನ್ನು ಎಣಿಸಿದರೆ ಸಾಕು. ಸೊನ್ನೆ ಬಂದರೆ ಅದು ಬಹುಶಃ ದಿನ. ಲಕ್ಷದಲ್ಲಿ ಐದು ಸಾಲು ಬಂದರೆ ಆ ಐದನ್ನೂ ಕಣ್ಣಾರೆ ನೋಡಿ. ಯಾವುದೋ ಹಳೆಯ ಸ್ಕ್ರಿಪ್ಟ್ ಸಿಸ್‌ಡೇಟ್ (ಆ ಹೊತ್ತಿನ ದಿನ, ಸಮಯ) ಅನ್ನು ಹಾಗೇ ತುರುಕಿರುವುದು ಇಂಥ ಕಡೆ ಸಿಗುತ್ತದೆ.

‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಬಳಸಿದರೆ ಝೋನ್ ಕೂಡ ಉಳಿಯುತ್ತದೆ, ಅಲ್ವಾ?

ಒರಾಕಲ್‌ನಲ್ಲಿ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಉಳಿಯುವುದಿಲ್ಲ. ಹೆಸರು ಒಂದೇ, ಕೆಲಸ ಬೇರೆ. ಪೋಸ್ಟ್‌ಗ್ರೆಸ್ ನೀವು ಕೊಟ್ಟ ಝೋನ್ ನೋಡಿ ಲೆಕ್ಕ ಹಾಕುತ್ತದೆ, ಯುಟಿಸಿ ಕ್ಷಣವನ್ನು ಇಟ್ಟುಕೊಳ್ಳುತ್ತದೆ, ಝೋನ್‌ನ ಹೆಸರನ್ನು ಬಿಟ್ಟುಬಿಡುತ್ತದೆ. ಓದುವಾಗ ತೋರಿಸುವುದು ಓದುವವರ ಸೆಷನ್‌ನ (ಡೇಟಾಬೇಸ್ ಜೊತೆಗಿನ ಅವರ ಆ ಸಂಪರ್ಕದ) ಝೋನ್. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಟೈಮ್ಆಫ್‌ಸೆಟ್ ನಡುವೆ ನಿಲ್ಲುತ್ತದೆ: +05:30 ಥರದ ವ್ಯತ್ಯಾಸವನ್ನು ಇಟ್ಟುಕೊಳ್ಳುತ್ತದೆ, ಊರಿನ ಝೋನ್ ಹೆಸರನ್ನು ಇಟ್ಟುಕೊಳ್ಳುವುದಿಲ್ಲ.

ಗ್ರಾಹಕರು ಯಾವ ಊರಿನ ಸಮಯದಲ್ಲಿ ಬುಕ್ ಮಾಡಿದರು ಎಂಬುದು ನಿಮಗೆ ಬೇಕಿದ್ದರೆ ಝೋನ್‌ಗೆ ಪ್ರತ್ಯೇಕ ಕಾಲಂ ಮಾಡಿ. ಹಳೆಯ ಒರಾಕಲ್ ಇನ್ನೂ ಓಡುತ್ತಿರುವಾಗಲೇ ಅದನ್ನು ತೆಗೆದಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ಗೆ ಬಂದ ಮೇಲೆ ಅದನ್ನು ಮರಳಿ ಪಡೆಯುವ ದಾರಿ ಇಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಡೇಟ್‌ಟೈಮ್ ಮತ್ತು ಟೈಮ್‌ಸ್ಟ್ಯಾಂಪ್ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಏನು?

ಡೇಟ್‌ಟೈಮ್ ನೀವು ಕೊಟ್ಟದ್ದನ್ನು ಹಾಗೇ ಇಟ್ಟುಕೊಳ್ಳುತ್ತದೆ. ಟೈಮ್‌ಸ್ಟ್ಯಾಂಪ್ ಸೆಷನ್‌ನ ಝೋನ್‌ನಿಂದ ಯುಟಿಸಿಗೆ ಬದಲಾಯಿಸಿ ಇಟ್ಟು, ಓದುವಾಗ ಮತ್ತೆ ಸೆಷನ್‌ನ ಝೋನ್‌ಗೆ ತಿರುಗಿಸಿ ಕೊಡುತ್ತದೆ. ಹೀಗಾಗಿ ಡೇಟಾ ತೆಗೆಯುವ ಕನೆಕ್ಷನ್ ಒಂದು ಝೋನ್‌ನಲ್ಲಿದ್ದು ತುಂಬುವ ಕನೆಕ್ಷನ್ ಇನ್ನೊಂದರಲ್ಲಿದ್ದರೆ ಟೈಮ್‌ಸ್ಟ್ಯಾಂಪ್ ಕಾಲಂಗಳಷ್ಟೇ ಜರುಗುತ್ತವೆ, ಡೇಟ್‌ಟೈಮ್ ಕಾಲಂಗಳು ಜರುಗುವುದಿಲ್ಲ. ಒಂದೇ ಸಾಲಿನಲ್ಲಿ ಅರ್ಧ ಸರಿ, ಅರ್ಧ ತಪ್ಪು. ಮೈಎಸ್‌ಕ್ಯೂಎಲ್ ಜೊತೆಗೇ ಬರುವ ನಕಲು ಸಾಧನ ಮೈಎಸ್‌ಕ್ಯೂಎಲ್‌ಡಂಪ್ ತಾನಾಗಿಯೇ ಯುಟಿಸಿಯಲ್ಲಿ ಬರೆಯುತ್ತದೆ. ನಿಮ್ಮ ಕೈಯಲ್ಲೇ ಬರೆದ ಎಕ್ಸ್‌ಪೋರ್ಟ್ ಸ್ಕ್ರಿಪ್ಟ್ ಹಾಗೆ ಮಾಡುವುದಿಲ್ಲ. ತೆಗೆಯುವ ಕಡೆ, ತುಂಬುವ ಕಡೆ, ಎರಡರಲ್ಲೂ ಮೊದಲ ಸಾಲಿನಲ್ಲೇ ಸೆಷನ್ ಝೋನ್ ಅನ್ನು +00:00 ಮಾಡಿ.

ಇನ್ನೊಂದು ಮಾತು. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಯುಟಿಸಿ 2038-01-19 03:14:07ಕ್ಕೆ ಮುಗಿಯುತ್ತದೆ. ಇಪ್ಪತ್ತು ವರ್ಷದ ಸಾಲದ ಕೊನೆಯ ಕಂತು ಈಗಾಗಲೇ ಅದರ ಆಚೆ ಇದೆ.

0000-00-00 ಎಂಬ ಸಾಲುಗಳಿವೆ. ಇವನ್ನು ಏನು ಮಾಡಬೇಕು?

ಅಂಥ ದಿನ ಇಲ್ಲವೇ ಇಲ್ಲ, ಆದರೂ ಮೈಎಸ್‌ಕ್ಯೂಎಲ್ ಬಹಳ ಕಾಲ ಅದನ್ನು ಒಪ್ಪಿಕೊಳ್ಳುತ್ತಿತ್ತು. 5.7ರಿಂದ ಅದನ್ನು ತಡೆಯುವ ಮೋಡ್ ತಾನಾಗಿಯೇ ಚಾಲೂ ಇರುತ್ತದೆ. ಹಳೆಯ ಸಾಲುಗಳು ಮಾತ್ರ ಒಳಗೇ ಕೂತಿರುತ್ತವೆ. ಪೋಸ್ಟ್‌ಗ್ರೆಸ್ ಅದನ್ನು ನೇರವಾಗಿ ತಿರಸ್ಕರಿಸುತ್ತದೆ. ಪೋಸ್ಟ್‌ಗ್ರೆಸ್‌ಗೆ ಡೇಟಾ ತುಂಬುವ ಪಿಜಿಲೋಡರ್ ಥರದ ಸಾಧನ ಅದನ್ನು ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಮಾಡುತ್ತದೆ.

ನಲ್ ಮಾಡುವುದು ಹೆಚ್ಚಿನ ಸಲ ಸರಿ. ಆದರೆ ಹಳೆಯ ಕೋಡ್‌ನಲ್ಲಿ ‘ರದ್ದಾದ ದಿನ 0000-00-00ಕ್ಕೆ ಸಮ ಇದ್ದರೆ ಖಾತೆ ಚಾಲ್ತಿಯಲ್ಲಿದೆ’ ಎಂಬ ಷರತ್ತು ಇರಬಹುದು. ಅದೇ ಕಾಲಂನಲ್ಲಿ ಮೊದಲೇ ನಲ್ ಕೂಡ ಇದ್ದರೆ, ಎರಡಕ್ಕೂ ಬೇರೆ ಅರ್ಥ ಇತ್ತಾ ಎಂದು ಕೇಳಿ ತಿಳಿದುಕೊಳ್ಳಿ. 1970-01-01 ಹಾಕಿ ಕೆಲಸ ಮುಗಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲದ ದಿನಾಂಕದ ಜಾಗದಲ್ಲಿ ಒಂದು ಸುಳ್ಳು ದಿನಾಂಕ ಕೂತರೆ ಮುಂದೆ ಅದನ್ನು ಯಾರೂ ಗುರುತಿಸಲಾರರು.

ಸೆಕೆಂಡಿನ ಭಾಗಗಳು ಅಷ್ಟು ಮುಖ್ಯವಾ?

ವರದಿಗೆ ಮುಖ್ಯ ಅಲ್ಲ ಅನಿಸಬಹುದು. ಹೋಲಿಕೆಗೆ ತುಂಬಾ ಮುಖ್ಯ. ಒರಾಕಲ್ ಟೈಮ್‌ಸ್ಟ್ಯಾಂಪ್ ದಶಮಾಂಶದ ನಂತರ 9 ಅಂಕಿಯವರೆಗೆ ಹೋಗುತ್ತದೆ. ಪೋಸ್ಟ್‌ಗ್ರೆಸ್ 6ಕ್ಕೆ ನಿಲ್ಲುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಟೈಮ್2 7 ಅಂಕಿ. ಮೈಎಸ್‌ಕ್ಯೂಎಲ್‌ನಲ್ಲಿ ಎಷ್ಟು ಅಂಕಿ ಬೇಕು ಎಂದು ನೀವಾಗಿ ಹೇಳದಿದ್ದರೆ ಸೊನ್ನೆ. ಅದೂ ಕತ್ತರಿಸುವುದಿಲ್ಲ, ಹತ್ತಿರದ ಸೆಕೆಂಡಿಗೆ ಹೊಂದಿಸುತ್ತದೆ. ಅಂದರೆ 23:59:59.7 ಮರುದಿನದ 00:00:00 ಆಗುತ್ತದೆ. ಡಿಸೆಂಬರ್ 31ರ ಕೊನೆಯ ವ್ಯವಹಾರ ಮುಂದಿನ ವರ್ಷಕ್ಕೆ ಹಾರಿತು ಅಂತಲೇ ಲೆಕ್ಕ.

ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಇನ್ನೂ ವಿಚಿತ್ರ. ಅದು ಸೆಕೆಂಡಿನ 300ನೇ ಒಂದು ಭಾಗದ ಹೆಜ್ಜೆಯಲ್ಲಿ ನಡೆಯುತ್ತದೆ. ಕೊನೆಯ ಅಂಕಿ 0, 3, 7 ಮಾತ್ರ. 23:59:59.999 ಎಂದು ಕೊಟ್ಟರೆ ಅದೂ ಮರುದಿನವೇ. ಅದಕ್ಕೇ ಹಳೆಯ ಕೋಡ್‌ಗಳಲ್ಲಿ ತಿಂಗಳ ಕೊನೆ ಎಂದು 23:59:59.997 ಬರೆದಿರುವುದು ಕಾಣುತ್ತದೆ. ಹೊಸ ಡೇಟಾಬೇಸ್‌ಗೆ ಆ ಸಾಲನ್ನು ಹಾಗೇ ತಂದರೆ ಕೊನೆಯ ಮೂರು ಮಿಲಿಸೆಕೆಂಡಿನಲ್ಲಿ ಬಂದ ಸಾಲುಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಮಾರ್ಚ್ ಕೊನೆಗೆ ‘ಏಪ್ರಿಲ್ 1ಕ್ಕಿಂತ ಕಡಿಮೆ’ ಎಂದು ಬರೆಯಿರಿ. ಎಲ್ಲಾ ಡೇಟಾಬೇಸ್‌ಗಳಲ್ಲೂ ನಡೆಯುತ್ತದೆ.

ಹಳೆಯದು, ಹೊಸದು ಎರಡನ್ನೂ ಕೆಲ ದಿನ ಒಟ್ಟಿಗೆ ಓಡಿಸುವವರು ಇನ್ನೊಂದು ಗಮನಿಸಬೇಕು. ‘ಕೊನೆಯ ಬದಲಾವಣೆಯ ಸಮಯಕ್ಕಿಂತ ಜಾಸ್ತಿ ಇರುವ ಸಾಲು ತಾ’ ಎಂದು ಸಿಂಕ್ ಮಾಡುವಾಗ, ಒಂದು ಕಡೆ 9 ಅಂಕಿ, ಇನ್ನೊಂದು ಕಡೆ 6 ಇದ್ದರೆ ಅದೇ ಸಾಲು ಮತ್ತೆ ಮತ್ತೆ ಬರಬಹುದು, ಇಲ್ಲವೇ ಒಂದು ಸಾಲು ತಪ್ಪಿಯೇ ಹೋಗಬಹುದು.

ಡೇಟಾ ಸರಿಯಾಗಿ ಬಂತು. ಕ್ವೆರಿಗಳಲ್ಲಿನ (ಡೇಟಾ ಕೇಳುವ ಆದೇಶಗಳಲ್ಲಿನ) ಲೆಕ್ಕ ತಾನಾಗಿಯೇ ಸರಿ ಇರುತ್ತದಾ?

ಇಲ್ಲ. ನನಗೆ ಅತಿ ಹೆಚ್ಚು ಚಿಂತೆ ಆಗುವುದು ಇದೇ ಜಾಗದಲ್ಲಿ, ಯಾಕೆಂದರೆ ಡೇಟಾ ತಾಳೆ ನೋಡುವವರು ಕ್ವೆರಿಗಳನ್ನು ತಾಳೆ ನೋಡುವುದಿಲ್ಲ.

ತಿಂಗಳು ಕೂಡಿಸುವುದನ್ನೇ ತೆಗೆದುಕೊಳ್ಳಿ. 2023ರ ಫೆಬ್ರವರಿ 28ಕ್ಕೆ ಒಂದು ತಿಂಗಳು ಕೂಡಿಸಿದರೆ ಎಷ್ಟು? ಒರಾಕಲ್‌ನ ಆಡ್_ಮಂತ್ಸ್ ಮಾರ್ಚ್ 31 ಎನ್ನುತ್ತದೆ. ಅದರ ನಿಯಮ: ಕೊಟ್ಟದ್ದು ತಿಂಗಳ ಕೊನೆಯ ದಿನವಾದರೆ ಉತ್ತರವೂ ತಿಂಗಳ ಕೊನೆಯ ದಿನ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಮಾರ್ಚ್ 28 ಎನ್ನುತ್ತವೆ. ಎರಡೂ ಸರಿಯೇ, ಆದರೆ ಕಂತಿನ ಕೊನೆಯ ದಿನ ಮೂರು ದಿನ ಹಿಂದೆ ಬಂತು. ಗಡುವು ಮೀರಿತು ಎಂದು ಯಾರಿಗೋ ದಂಡ ಬೀಳುತ್ತದೆ.

ಕಳೆಯುವುದೂ ಹಾಗೇ. ಒರಾಕಲ್‌ನಲ್ಲಿ ಒಂದು ಡೇಟ್‌ನಿಂದ ಇನ್ನೊಂದನ್ನು ಕಳೆದರೆ ದಿನಗಳ ಸಂಖ್ಯೆ ಸಿಗುತ್ತದೆ, ದಶಮಾಂಶವೂ ಸೇರಿ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಟೈಮ್‌ಸ್ಟ್ಯಾಂಪ್ ಕಳೆದರೆ ಇಂಟರ್ವಲ್ (ಅವಧಿ ಎಂಬ ಬೇರೆ ಟೈಪ್) ಬರುತ್ತದೆ. ಅದನ್ನು 30ರ ಜೊತೆ ಹೋಲಿಸಿದರೆ ಎರರ್. ಎರರ್ ಬರುವುದು ಒಳ್ಳೆಯದೇ, ಕನಿಷ್ಠ ಗೊತ್ತಾಗುತ್ತದೆ. ಮೈಎಸ್‌ಕ್ಯೂಎಲ್ ಎರರ್ ಕೂಡ ಕೊಡುವುದಿಲ್ಲ. 2024-03-01ರಿಂದ 2024-02-28 ಕಳೆದರೆ 73 ಬರುತ್ತದೆ, ಯಾಕೆಂದರೆ ಅದು 20240301ರಿಂದ 20240228 ಕಳೆದಿದೆ. ನಿಜವಾದ ಉತ್ತರ 2 ದಿನ. ಅಲ್ಲಿ ಡೇಟ್‌ಡಿಫ್ ಬಳಸಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಡೇಟ್‌ಡಿಫ್ ಇದೆ, ಆದರೆ ಅದು ಎಣಿಸುವುದು ದಾಟಿದ ಗಡಿಗಳನ್ನು: 2023-12-31ರಿಂದ 2024-01-01ಕ್ಕೆ ವರ್ಷದ ವ್ಯತ್ಯಾಸ ಕೇಳಿದರೆ 1 ಎನ್ನುತ್ತದೆ. ವಯಸ್ಸು ಲೆಕ್ಕ ಹಾಕಲು ಅದನ್ನು ಹಾಗೇ ನಂಬಬೇಡಿ.

ಇನ್ನೊಂದು ತುಂಬಾ ಸಣ್ಣದು, ಆದರೆ ಕೆಟ್ಟದ್ದು. ಒರಾಕಲ್‌ನಲ್ಲಿ ಒಂದು ಗಂಟೆ ಕೂಡಿಸಲು 1/24 ಬರೆಯುವುದು ರೂಢಿ. ಪೋಸ್ಟ್‌ಗ್ರೆಸ್‌ನಲ್ಲಿ ಪೂರ್ಣಾಂಕಗಳ ಭಾಗಾಕಾರಕ್ಕೆ ಉತ್ತರವೂ ಪೂರ್ಣಾಂಕ, ಆದ್ದರಿಂದ 1/24 ಅಂದರೆ 0. ಡೇಟ್ ಕಾಲಂಗೆ ಅದನ್ನು ಕೂಡಿಸಿದರೆ ಎರರ್ ಇಲ್ಲ, ಬದಲಾವಣೆಯೂ ಇಲ್ಲ. ಹಳೆಯ ಕೋಡ್‌ನಲ್ಲಿ /24, /1440, /86400 ಎಂದು ಹುಡುಕಿ. ಸಿಕ್ಕ ಪ್ರತಿ ಜಾಗವನ್ನೂ ಕೈಯಲ್ಲೇ ತಿದ್ದಿ.

ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿದ ಪಠ್ಯ) ಫೈಲ್ ಮೂಲಕ ಸಾಗಿಸುತ್ತಿದ್ದೇವೆ. 03/04/2024 ಎಂದರೆ ಮಾರ್ಚಾ, ಏಪ್ರಿಲ್ಲಾ?

ಫೈಲ್ ನೋಡಿ ಹೇಳಲು ಆಗುವುದಿಲ್ಲ, ಅದೇ ತೊಂದರೆ. ಪೋಸ್ಟ್‌ಗ್ರೆಸ್‌ನ ಡೇಟ್‌ಸ್ಟೈಲ್ ಸೆಟ್ಟಿಂಗ್ ‘ಮೊದಲು ತಿಂಗಳು’ ಎಂದಿದ್ದರೆ 13/04/2024 ಎರರ್ ಕೊಡುತ್ತದೆ, 03/04/2024 ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ. ಎರರ್ ಬಂದ ಸಾಲುಗಳನ್ನು ಮಾತ್ರ ಸರಿಪಡಿಸಿ ಮತ್ತೆ ತುಂಬಿದರೆ, ಪ್ರತಿ ತಿಂಗಳ ಮೊದಲ 12 ದಿನಗಳ ಡೇಟಾ ತಪ್ಪಾಗಿಯೇ ಉಳಿಯುತ್ತದೆ. ಒಂದೇ ಒಂದು ಸಾಲು ಈ ಥರ ಎರರ್ ಕೊಟ್ಟರೂ ಇಡೀ ಟೇಬಲ್ ಖಾಲಿ ಮಾಡಿ ಮೊದಲಿನಿಂದ ತುಂಬಿ.

ವರ್ಷ-ತಿಂಗಳು-ದಿನ ಎಂದು ಬರೆದರೆ ಬಹುತೇಕ ಎಲ್ಲಾ ಕಡೆ ಸರಿ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಇದಕ್ಕೂ ಹೊರತು. ಭಾಷೆ ಬ್ರಿಟಿಷ್ ಇಂಗ್ಲಿಷ್ ಎಂದಿದ್ದರೆ 2024-03-04 ಅನ್ನು ಅದು ಏಪ್ರಿಲ್ 3 ಎಂದು ಓದುತ್ತದೆ. ಅಲ್ಲಿ ಅಡ್ಡಗೆರೆ ಇಲ್ಲದ 20240304 ಸುರಕ್ಷಿತ.

ಒರಾಕಲ್‌ನಿಂದ ತೆಗೆಯುವಾಗ ಸೆಷನ್‌ನ ದಿನಾಂಕದ ನಮೂನೆಯನ್ನು ಮೊದಲು ಬದಲಾಯಿಸಿ. ತಾನಾಗಿ ಬರುವ ನಮೂನೆಯಲ್ಲಿ ಅಮೆರಿಕದ ಸೆಟ್ಟಿಂಗ್ ಇದ್ದರೆ ವರ್ಷಕ್ಕೆ ಎರಡೇ ಅಂಕಿ, ಸಮಯ ಇಲ್ಲವೇ ಇಲ್ಲ. ಎರಡು ಅಂಕಿಯ ವರ್ಷವನ್ನು ಒಬ್ಬೊಬ್ಬರೂ ಒಂದೊಂದು ಥರ ಓದುತ್ತಾರೆ. 65 ಎಂದರೆ ಒರಾಕಲ್‌ನ ಆರ್‌ಆರ್ ನಮೂನೆಗೆ 1965, ಮೈಎಸ್‌ಕ್ಯೂಎಲ್‌ಗೆ 2065.

ನಮೂನೆಯ ಅಕ್ಷರಗಳ ಮೇಲೂ ಕಣ್ಣಿರಲಿ. ಒರಾಕಲ್‌ನಲ್ಲಿ ನಿಮಿಷಕ್ಕೆ ಎಂಐ, ತಿಂಗಳಿಗೆ ಎಂಎಂ. ಗಂಟೆಯ ಪಕ್ಕ ಎಂಎಂ ಬರೆದರೆ ನಿಮಿಷದ ಜಾಗದಲ್ಲಿ ತಿಂಗಳು ಬರುತ್ತದೆ. ನಿಮಿಷಗಳೆಲ್ಲ 12 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇದೇ ಕಾರಣ. ಜಾವಾದಲ್ಲಿ ದೊಡ್ಡಕ್ಷರದ ವೈ ವಾರದ ಲೆಕ್ಕದ ವರ್ಷ, ಸಣ್ಣಕ್ಷರದ ವೈ ಸಾಮಾನ್ಯ ವರ್ಷ. ದೊಡ್ಡಕ್ಷರ ಹಾಕಿದರೆ 2024ರ ಡಿಸೆಂಬರ್ 30 ಹೋಗಿ 2025ರ ಡಿಸೆಂಬರ್ 30 ಆಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಟೆಸ್ಟ್ ಮಾಡಿದರೆ ಇದು ಸಿಕ್ಕಿಬೀಳುವುದಿಲ್ಲ.

ಝೋನ್ ಎಂದು ‘ಐಎಸ್‌ಟಿ’ ಬರೆದರೆ ಸಾಲದಾ?

ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ಕಡೆ ಐಎಸ್‌ಟಿ ಇದೆ. ಪೋಸ್ಟ್‌ಗ್ರೆಸ್ ತಾನಾಗಿ ಇದನ್ನು ಇಸ್ರೇಲ್ ಎಂದು, ಅಂದರೆ +02:00 ಎಂದು ಓದಬಹುದು. ಪೂರ್ತಿ ಹೆಸರು ಕೊಡಿ: ‘ಏಷ್ಯಾ/ಕೋಲ್ಕತಾ’, ‘ಅಮೆರಿಕ/ನ್ಯೂಯಾರ್ಕ್’ ಥರ. ಪೋಸ್ಟ್‌ಗ್ರೆಸ್‌ನಲ್ಲಿ ಝೋನ್ ಎಂದು ‘ಯುಟಿಸಿ+5:30’ ಬರೆಯಬೇಡಿ. ಆ ಬರವಣಿಗೆಯಲ್ಲಿ ಕೂಡುವ ಚಿಹ್ನೆಗೆ ಪಶ್ಚಿಮ ಎಂದು ಅರ್ಥ. 11 ಗಂಟೆ ಆಚೀಚೆ ಆಗುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಝೋನ್ ಹೆಸರುಗಳ ಟೇಬಲ್ ಅನ್ನು ಬೇರೆಯಾಗಿ ತುಂಬಬೇಕು. ತುಂಬದಿದ್ದರೆ ಝೋನ್ ಬದಲಾಯಿಸುವ ಕನ್ವರ್ಟ್_ಟಿಝೆಡ್ ಸುಮ್ಮನೆ ನಲ್ ಕೊಡುತ್ತದೆ. ಇಡೀ ಕಾಲಂ ನಲ್ ಆಗಿದ್ದರೆ ಮೊದಲು ಇದನ್ನೇ ನೋಡಿ.

ಬೇಸಿಗೆ ಸಮಯ ಬದಲಾಗುವ ದೇಶಗಳ ಡೇಟಾ ಇದ್ದರೆ?

ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 10ರಂದು ರಾತ್ರಿ 2:30 ಎಂಬ ಸಮಯವೇ ಇರಲಿಲ್ಲ. ಅದೇ ವರ್ಷ ನವೆಂಬರ್ 3ರಂದು 1:30 ಎರಡು ಸಲ ಬಂತು. ಸ್ಥಳೀಯ ಸಮಯವನ್ನು ಝೋನ್ ಇಲ್ಲದೆ ಇಟ್ಟಿದ್ದರೆ ಅದು ಮೊದಲ 1:30ಯೋ ಎರಡನೆಯದೋ ಎಂದು ಯಾವ ಸಾಧನವೂ ಹೇಳಲಾರದು. ಸಾಲಿನ ಐಡಿ ಕ್ರಮವಾಗಿ ಏರುತ್ತಿದ್ದರೆ ಅದರ ಆಧಾರದಲ್ಲಿ ಊಹಿಸಬಹುದು. ಊಹಿಸಿದ ಸಾಲುಗಳಿಗೆ ಗುರುತು ಹಾಕಿಡಿ.

ಹಾಗಾದರೆ ಎಲ್ಲವನ್ನೂ ಯುಟಿಸಿ ಮಾಡಿಬಿಟ್ಟರೆ ಮುಗೀತಾ?

ಆಗಿಹೋದ ಕ್ಷಣಗಳಿಗೆ ಯುಟಿಸಿ ಸರಿ. ಹುಟ್ಟಿದ ದಿನಕ್ಕೆ ಬೇಡ, ಕಾರಣ ಮೇಲೆ ಹೇಳಿದೆ. ಮುಂದೆ ನಡೆಯಲಿರುವ ಸಭೆಗಳಿಗೂ ಬರೀ ಯುಟಿಸಿ ಸಾಲದು. ಸರ್ಕಾರಗಳು ಝೋನ್ ನಿಯಮ ಬದಲಾಯಿಸುತ್ತವೆ. ಬೆಳಿಗ್ಗೆ 10ಕ್ಕೆ ಎಂದು ಗೊತ್ತುಮಾಡಿದ ಸಭೆ ನಿಯಮ ಬದಲಾದ ಮೇಲೂ ಅಲ್ಲಿಯ 10ಕ್ಕೇ ನಡೆಯಬೇಕು. ಅದಕ್ಕೆ ಸ್ಥಳೀಯ ಸಮಯ ಮತ್ತು ಝೋನ್ ಹೆಸರು ಎರಡನ್ನೂ ಇಡಿ.

ತುಂಬಾ ಹಳೆಯ, ತುಂಬಾ ದೂರದ ದಿನಾಂಕಗಳು?

ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಟೈಮ್ 1753ಕ್ಕಿಂತ ಹಿಂದೆ ಹೋಗುವುದಿಲ್ಲ. ಡೇಟ್‌ಟೈಮ್2 ಹೋಗುತ್ತದೆ. ಒರಾಕಲ್ 1582ರ ಅಕ್ಟೋಬರ್‌ಗಿಂತ ಹಿಂದೆ ಈಗಿನದಕ್ಕಿಂತ ಮೊದಲು ಇದ್ದ ಜೂಲಿಯನ್ ಕ್ಯಾಲೆಂಡರ್ ಬಳಸುತ್ತದೆ, ಪೋಸ್ಟ್‌ಗ್ರೆಸ್ ಬಳಸುವುದಿಲ್ಲ. ‘ದಿನಾಂಕ ಇಲ್ಲ’ ಎಂಬ ಅರ್ಥದಲ್ಲಿ 0001-01-01 ಹಾಕಿದ್ದರೆ ಅದು ಎರಡು ದಿನ ಜರುಗಬಹುದು. ‘ಕೊನೆ ಇಲ್ಲ’ ಎಂದು 9999-12-31 23:59:59 ಹಾಕಿದ್ದರೆ, ಝೋನ್ ಲೆಕ್ಕದಲ್ಲಿ 10000ನೇ ವರ್ಷಕ್ಕೆ ಹೋಗಿ ಬೀಳಬಹುದು. ಇಂಥ ಬೆಲೆಗಳನ್ನು ಝೋನ್ ಬದಲಾವಣೆಯಿಂದ ಹೊರಗಿಡಿ.

ಹಳೆಯದು ಎಸ್‌ಕ್ಯೂಎಲೈಟ್. ಅದರಲ್ಲಿ ದಿನಾಂಕದ ಟೈಪೇ ಕಾಣುತ್ತಿಲ್ಲ.

ಇಲ್ಲ. ಪಠ್ಯ, ಪೂರ್ಣಾಂಕ ಅಥವಾ ದಶಮಾಂಶ ಸಂಖ್ಯೆ, ಈ ಮೂರರಲ್ಲಿ ಯಾವುದಾದರೂ ಇರಬಹುದು. ಒಂದೇ ಕಾಲಂನಲ್ಲಿ ಮೂರೂ ಬೆರೆತಿರಬಹುದು. ಟೈಪ್‌ಆಫ್ ಬಳಸಿ ಗುಂಪು ಮಾಡಿ ಎಣಿಸಿ. ಪೂರ್ಣಾಂಕ ಇದ್ದರೆ ಅಂಕಿಗಳನ್ನು ಎಣಿಸಿ: ಈಗಿನ ಕಾಲದ ದಿನಾಂಕಕ್ಕೆ 10 ಅಂಕಿ ಇದ್ದರೆ ಸೆಕೆಂಡ್, 13 ಇದ್ದರೆ ಮಿಲಿಸೆಕೆಂಡ್.

ಈಗಿನ ಸಮಯ ತಾನಾಗಿ ತುಂಬುವ ಕಾಲಂಗಳು?

ಮೈಎಸ್‌ಕ್ಯೂಎಲ್‌ನಲ್ಲಿ ಸಾಲು ಬದಲಾದಾಗ ಸಮಯ ತಾನೇ ಬದಲಾಗುವ ಸೌಲಭ್ಯ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್) ಬರೆಯಬೇಕು. ಪೋಸ್ಟ್‌ಗ್ರೆಸ್‌ನ ನೌ (ಈಗಿನ ಸಮಯ ಕೇಳುವ ಫಂಕ್ಷನ್) ಟ್ರಾನ್ಸಾಕ್ಷನ್ (ಒಟ್ಟಿಗೆ ನಡೆಯುವ ಹೇಳಿಕೆಗಳ ಗುಂಪು) ಶುರುವಾದ ಸಮಯ ಕೊಡುತ್ತದೆ, ಮೈಎಸ್‌ಕ್ಯೂಎಲ್‌ನ ನೌ ಆ ಹೇಳಿಕೆ ಶುರುವಾದ ಸಮಯ ಕೊಡುತ್ತದೆ. ಉದ್ದದ ಟ್ರಾನ್ಸಾಕ್ಷನ್‌ನಲ್ಲಿ ನಿಜವಾದ ಗಡಿಯಾರ ಬೇಕಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಕ್ಲಾಕ್_ಟೈಮ್‌ಸ್ಟ್ಯಾಂಪ್ ಬಳಸಿ. ಡೇಟಾ ತುಂಬುವಾಗ ಟ್ರಿಗರ್ ನಿಲ್ಲಿಸಿರಿ, ಇಲ್ಲದಿದ್ದರೆ ಎಲ್ಲಾ ಸಾಲುಗಳೂ ಇವತ್ತೇ ಬದಲಾದವು ಎಂದಾಗುತ್ತದೆ.

ಎಲ್ಲಾ ಸರಿಯಾಗಿ ಬಂದಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಸಾಲುಗಳ ಎಣಿಕೆ ಏನೂ ಹೇಳುವುದಿಲ್ಲ. ಪ್ರತಿ ದಿನಾಂಕ ಕಾಲಂಗೂ ಎರಡೂ ಕಡೆ ಇಷ್ಟು ತೆಗೆಯಿರಿ: ಅತಿ ಚಿಕ್ಕದು, ಅತಿ ದೊಡ್ಡದು, ನಲ್ ಎಷ್ಟು, ಮಧ್ಯರಾತ್ರಿ ಅಲ್ಲದ್ದು ಎಷ್ಟು, ತಿಂಗಳುವಾರು ಎಣಿಕೆ. ಆಮೇಲೆ ಗಂಟೆವಾರು ಎಣಿಕೆ. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಹಗಲು ಕೆಲಸದ ವ್ಯವಸ್ಥೆಯಲ್ಲಿ ರಾತ್ರಿ 3ಕ್ಕೆ ಜಾಸ್ತಿ ವ್ಯವಹಾರ ಕಂಡರೆ ಝೋನ್ ತಪ್ಪಿದೆ ಎಂದೇ ಅರ್ಥ. ತಿಂಗಳ 1ರಿಂದ 12ರವರೆಗಿನ ಎಣಿಕೆ 13ರ ನಂತರದ್ದಕ್ಕಿಂತ ತೀರಾ ಬೇರೆ ಇದ್ದರೆ ದಿನ, ತಿಂಗಳು ಅದಲುಬದಲಾಗಿರಬಹುದು.

ಜೊತೆಗೆ ಒಂದು ಇಪ್ಪತ್ತು ಸಾಲುಗಳನ್ನು ಕೈಯಲ್ಲಿ ಆರಿಸಿ: ಫೆಬ್ರವರಿ 29, ಡಿಸೆಂಬರ್ 31ರ ರಾತ್ರಿಯದು, 1970ಕ್ಕಿಂತ ಹಿಂದಿನ ಹುಟ್ಟಿದ ದಿನ, 2038ರ ನಂತರದ ದಿನ, ಸಮಯ ಬದಲಾದ ರಾತ್ರಿಯದು. ಇವನ್ನು ಆ್ಯಪ್‌ನ ಪರದೆಯಲ್ಲೇ ತೆರೆದು ನೋಡಿ. ಡೇಟಾಬೇಸ್‌ನಲ್ಲಿ ಸರಿ ಇದ್ದು ಡ್ರೈವರ್‌ನ (ಡೇಟಾಬೇಸ್‌ಗೆ ಜೋಡಿಸುವ ತಂತ್ರಾಂಶದ) ಝೋನ್ ಸೆಟ್ಟಿಂಗ್‌ನಿಂದ ಪರದೆಯಲ್ಲಿ ತಪ್ಪುವುದೂ ಉಂಟು.

ಹೊಸದು ಶುರುವಾಗಿ ಒಂದು ವಾರವಾದ ಮೇಲೆ ತಪ್ಪು ಗೊತ್ತಾಯಿತು. ಈಗೇನು?

ಇಡೀ ಕಾಲಂಗೆ ಐದೂವರೆ ಗಂಟೆ ಕೂಡಿಸಿಬಿಡೋಣ ಎಂದು ಯಾರಾದರೂ ಹೇಳುತ್ತಾರೆ. ತಡೆಯಿರಿ. ಈ ವಾರ ಬಂದ ಹೊಸ ಸಾಲುಗಳು ಸರಿ ಇವೆ, ಅವೂ ಕೆಡುತ್ತವೆ. ಹಳೆಯ ಸಾಲುಗಳಲ್ಲೂ ಈ ವಾರ ಯಾರೋ ಕೈಯಲ್ಲಿ ತಿದ್ದಿದವು ಇರುತ್ತವೆ. ಹಳೆಯ ಡೇಟಾಬೇಸ್ ಓದಲು ಮಾತ್ರ ಬರುವಂತೆ ಇನ್ನೂ ಇಟ್ಟುಕೊಂಡಿದ್ದರೆ, ಅಲ್ಲಿಂದ ಐಡಿ ಮತ್ತು ಆ ಕಾಲಂ ಎರಡನ್ನೇ ಬೇರೆ ಟೇಬಲ್‌ಗೆ ತನ್ನಿ. ಹೊಸದರಲ್ಲಿರುವ ಬೆಲೆ ‘ನಾವು ತಪ್ಪಾಗಿ ತುಂಬಿದ ಬೆಲೆ’ಗೆ ಈಗಲೂ ಸರಿಸಮ ಇರುವ ಸಾಲುಗಳನ್ನು ಮಾತ್ರ ಸರಿಪಡಿಸಿ. ಉಳಿದವುಗಳ ಪಟ್ಟಿಯನ್ನು ಆ ಡೇಟಾ ಬಳಸುವವರ ಕೈಗೆ ಕೊಟ್ಟು, ಒಂದೊಂದಾಗಿ ಕೇಳಿ. ಹಳೆಯ ಡೇಟಾಬೇಸ್ ಅನ್ನು ಕನಿಷ್ಠ ಒಂದು ವರ್ಷಾಂತ್ಯ ದಾಟುವವರೆಗೆ ಅಳಿಸಬೇಡಿ. ಡಿಸೆಂಬರ್ 30ರ ಥರದ ತಪ್ಪುಗಳು ಆಗಲೇ ಹೊರಗೆ ಬರುವುದು.